ಹನ್ನೊಂದನೆಯ ಸೀಟು

ಪುಕ್ಕಟೆ ಎನ್ನುವ ಮಾತು ಕಿವಿಗೆ ಬಿದ್ದರೆ ಈಗ ನನಗೆ ಮೈ ಉರಿಯುತ್ತದೆ. ತರಕಾರಿಯವಳು ಕೊಸರಿಗೆಂದು ಎರಡು ಎಸಳು ಕರಿಬೇವು ಹಾಕಿದರೂ, ಅದಕ್ಕೆಷ್ಟು ಹೇಳು, ಕೊಡುತ್ತೇನೆ ಅನ್ನುತ್ತೇನೆ. ಅವಳು ನನ್ನನ್ನು ವಿಚಿತ್ರವಾಗಿ ನೋಡುತ್ತಾಳೆ. ನೋಡಲಿ.

ನಾನು ಬಳ್ಳಾರಿಯಲ್ಲಿ ಹೆಂಗಸರಿಗೆ ಈಜು ಕಲಿಸುತ್ತೇನೆ. ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆ. ನಲ್ಲಿಯಲ್ಲಿ ನೀರು ಯಾವತ್ತು ಬರುತ್ತದೆ ಎಂದು ಕಾದು ಕೂರುವ ಊರಿನಲ್ಲಿ ಈಜು ಕಲಿಸಿ ಹೊಟ್ಟೆ ಹೊರೆಯುವವಳು ನೀನೊಬ್ಬಳೇ ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ಗೆಳತಿಯೊಬ್ಬಳ ಜೊತೆ ಕರಾವಳಿಗೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿದೆ. ಇಪ್ಪತ್ತೇ ನಿಮಿಷ. ಮೇಲೆ ಬಂದವಳು ದೋಣಿಯಲ್ಲಿ ಕೂತು ಅತ್ತುಬಿಟ್ಟೆ, ಅಷ್ಟು ಚೆನ್ನಾಗಿತ್ತು. ಆ ಅಳು ನೋಡಿಯೇ ಇರಬೇಕು, ಡೈವಿಂಗ್ ಅಂಗಡಿಯ ಮ್ಯಾನೇಜರ್ ನನ್ನನ್ನು ಹಿಡಿದುಕೊಂಡ. ಊರಿನ ಹೆಸರು ಬೇಡ, ಹೇಳಿದರೆ ಅಂಗಡಿಯೂ ಗೊತ್ತಾಗಿಬಿಡುತ್ತದೆ.

ಅವನು ಹೇಳಿದ ಲೆಕ್ಕ ಸರಳವಾಗಿತ್ತು. ದೋಣಿಯಲ್ಲಿ ಇಬ್ಬರಿದ್ದರೂ ಅಷ್ಟೇ ಡೀಸೆಲ್, ಹನ್ನೆರಡು ಮಂದಿ ಇದ್ದರೂ ಅಷ್ಟೇ. ಖಾಲಿ ಸೀಟು ಅವರಿಗೆ ನಷ್ಟ. ಆದ್ದರಿಂದ ಯಾರಾದರೂ ಹತ್ತು ಮಂದಿಯನ್ನು ಒಟ್ಟಿಗೆ ಕರೆತಂದರೆ ಹನ್ನೊಂದನೆಯವರಿಗೆ ದುಡ್ಡಿಲ್ಲ. ವಾಡಿಕೆಯ ಪ್ರಕಾರ ಆ ಸೀಟು ಕರೆತಂದವರದು. ಅದು ಬೇಡವೆಂದರೆ ತಲೆಗಿಷ್ಟು ಎಂದು ಕಮಿಷನ್. ಊರೂರಿನ ಈಜು ಮಾಸ್ತರರು, ಜಿಮ್ಮಿನವರು ಹೀಗೆಯೇ ಗುಂಪು ಕಟ್ಟಿಕೊಂಡು ಬರುತ್ತಾರಂತೆ. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ. ಒಬ್ಬೊಬ್ಬರೇ ಹೋಗಲು ಹೆದರುವವರು ಗುಂಪಿನಲ್ಲಿ ಹೋಗುತ್ತಾರೆ. ವ್ಯಾನಿನ ಬಾಡಿಗೆ ಹಂಚಿಹೋಗುತ್ತದೆ, ರೂಮಿನ ಬಾಡಿಗೆ ಹಂಚಿಹೋಗುತ್ತದೆ, ಹೆದರಿಕೆಯೂ ಒಂದಿಷ್ಟು ಹಂಚಿಹೋಗುತ್ತದೆ.

ಆ ಹನ್ನೊಂದನೆಯ ಸೀಟು ಯಾರಿಗೆ ಎನ್ನುವುದು ಅಲ್ಲೇ, ಆ ದೋಣಿಯಲ್ಲೇ ನನ್ನ ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ಅದು ಅಕ್ಕನಿಗೆ.

ಅಕ್ಕ ಎಂದರೆ ದೊಡ್ಡಪ್ಪನ ಮಗಳು, ನನಗಿಂತ ಆರು ವರ್ಷ ದೊಡ್ಡವಳು. ಕೊಳಗಲ್ಲಿನ ನಮ್ಮ ಹೊಲದ ಬಾವಿಯಲ್ಲಿ ನನ್ನ ಬೆನ್ನಿಗೆ ಬೆಂಡು ಕಟ್ಟಿ ನೀರಿಗೆ ನೂಕಿದವಳು ಅವಳೇ. ಉಸಿರು ಹಿಡಿ, ಬಿಟ್ಟರೆ ಮುಳುಗುತ್ತೀ ಎನ್ನುವುದು ಅವಳು ಕಲಿಸಿದ ಮೊದಲ ಪಾಠ. ನಮ್ಮ ಕಡೆ ಬಾವಿಯಲ್ಲಿ ಈಜು ಕಲಿತವರೆಲ್ಲರಿಗೂ ಅದೊಂದೇ ಪಾಠ. ಓಣಿಯ ಯಾರದಾದರೂ ಕೊಡ ಬಾವಿಗೆ ಬಿದ್ದರೆ ಕೊಡ ಎತ್ತುವ ಕೊಕ್ಕೆಯ ಪಾತಾಳಗರಡಿ ಹುಡುಕುವ ಮೊದಲು ಅಕ್ಕನನ್ನು ಕೂಗುತ್ತಿದ್ದರು. ಅವಳು ಲಂಗ ಕಚ್ಚೆ ಹಾಕಿ ಇಳಿದರೆ, ಮೇಲೆ ನಿಂತವರು ಎಣಿಸಿ ಎಣಿಸಿ ಸಾಕಾಗಿ ದೇವರ ಹೆಸರು ಹೇಳಲು ಶುರು ಮಾಡಿದ ಮೇಲೆ ಕೊಡ ಹಿಡಿದು ಎದ್ದು ಬರುತ್ತಿದ್ದಳು. ಮದುವೆಯಾಗಿ ಕುರುಗೋಡಿಗೆ ಹೋದಳು. ಗಂಡ ತೀರಿಕೊಂಡ ಮೇಲೆ ಅವನ ಹಿಟ್ಟಿನ ಗಿರಣಿಯನ್ನು ಅವಳೇ ನಡೆಸುತ್ತಿದ್ದಾಳೆ. ಜೋಳ ಬೀಸುವುದಕ್ಕೊಂದು, ಮೆಣಸಿನಕಾಯಿ ಕುಟ್ಟುವುದಕ್ಕೊಂದು ಯಂತ್ರ. ನಾನು ಸಮುದ್ರದ ವಿಡಿಯೊ ತೋರಿಸಿದಾಗ, ಹಿಟ್ಟು ಮೆತ್ತಿದ ಬೆರಳಿನಿಂದಲೇ ಅದನ್ನು ನಾಲ್ಕು ಸಲ ಹಿಂದೆ ಎಳೆದು ನೋಡಿದಳು.

“ತಳ ಕಾಣತೈತೇನಲೇ ಅಲ್ಲಿ?” ಎಂದು ಕೇಳಿದಳು. “ಬಾವ್ಯಾಗ ನನಗ ಎಂದೂ ತಳ ಕಂಡಿಲ್ಲ. ಬರೇ ಕೈಗೆ ಹತ್ತೇತಿ.”

ಅವಳು ಅಷ್ಟು ಆಸೆಯಿಂದ ಮಾತಾಡಿದ್ದನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ. ಕರಕೊಂಡು ಹೋಗ್ತೀನಿ ಅಂದೆ. ಒಂದು ನಯಾಪೈಸೆ ಖರ್ಚಿಲ್ಲ ಅಂತಲೂ ಅಂದೆ. ಆ ಎರಡನೆಯ ಮಾತನ್ನು ನುಂಗಿಕೊಳ್ಳಬೇಕಿತ್ತು.

ಗುಂಪು ಕಟ್ಟಲು ಎರಡು ತಿಂಗಳು ಹಿಡಿಯಿತು. ನನ್ನನ್ನು ಬಿಟ್ಟು ಒಂಬತ್ತು ಮಂದಿ. ನನ್ನ ಬಳಿ ಈಜು ಕಲಿತ ಹೆಂಗಸರು, ಅವರಲ್ಲಿ ಕೆಲವರ ಗಂಡಂದಿರು. ನಾನೂ ದುಡ್ಡು ಕೊಟ್ಟೇ ಬರುವುದೆಂದು ಮೊದಲೇ ನಿರ್ಧರಿಸಿದ್ದೆ, ಹಾಗಾಗಿ ಹತ್ತು. ಈ ಒಂಬತ್ತು ಮಂದಿಯ ಪೈಕಿ ಒಬ್ಬರ ವಿಷಯ ಹೇಳಲೇಬೇಕು. ಸಿರುಗುಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಸಾಹುಕಾರರು. ಯೂರಿಯಾ ಚೀಲದ ಮೇಲೆ ಕೂತು ಕೂತು, ಜಗತ್ತಿನ ಎಲ್ಲ ವ್ಯವಹಾರದಲ್ಲೂ ನಡುವೆ ಯಾರೋ ಒಬ್ಬ ತಿಂದೇ ತಿನ್ನುತ್ತಾನೆ ಎಂದು ನಂಬಿದ ಮನುಷ್ಯ.

ಅವರು ನನಗೆ ತಿಳಿಸದೆ ಡೈವಿಂಗ್ ಅಂಗಡಿಗೆ ನೇರವಾಗಿ ಫೋನು ಮಾಡಿದರು. ಹನ್ನೊಂದನೆಯ ಸೀಟಿನ ವಿಷಯ ಹೊರಬಿತ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ, ಮೇಡಂ ಅವರು ಈ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಆ ಸೀಟಿನ ಬೆಲೆಯನ್ನು ಹತ್ತು ಮಂದಿಗೂ ಹಂಚಿ, ತಲೆಗಿಷ್ಟು ಇಳಿಸಿಬಿಡಿ ಎಂದರು. ಅದರ ಕೆಳಗೆ ಎರಡು ಹೆಬ್ಬೆರಳು, ಆಮೇಲೆ ಮತ್ತೊಂದು. ಸಂಜೆಯ ಹೊತ್ತಿಗೆ ಕಮಿಷನ್ ಎನ್ನುವ ಮಾತೂ ಬಂತು. ನೇರವಾಗಿ ನನ್ನ ಮೇಲಲ್ಲ, ಈಗೆಲ್ಲ ಕಡೆ ಹೀಗೇ ನಡೆಯುತ್ತದಂತೆ ಎನ್ನುವ ರೂಪದಲ್ಲಿ.

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟೂ ಮಂದಿಯ ಆರೋಗ್ಯದ ಫಾರಂ ತುಂಬಿದವಳು ನಾನು. ವ್ಯಾನಿನವನ ಹತ್ತಿರ ಚೌಕಾಸಿ ಮಾಡಿದವಳು ನಾನು. ಬಾಯಿಂದ ಉಸಿರಾಡುವುದು ರೂಢಿಯಾಗಲಿ ಎಂದು ಮೂರು ಭಾನುವಾರ ಈಜುಕೊಳದಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿಕೊಟ್ಟವಳು ನಾನು. ಒಂದು ರೂಪಾಯಿ ಮುಟ್ಟದ ನನ್ನನ್ನು ತಿಂದವಳೆಂದರೆ? ಈಗ ಯೋಚಿಸಿದರೆ ಸಾಹುಕಾರರ ಮಾತಿನಲ್ಲಿ ಅರ್ಧ ನ್ಯಾಯವಿತ್ತು. ಹತ್ತು ಮಂದಿ ಸೇರಿದ್ದರಿಂದ ಹುಟ್ಟಿದ ಲಾಭ ಯಾರದು ಎಂದು ಆ ಹತ್ತು ಮಂದಿಯನ್ನು ಕೇಳಬೇಕಿತ್ತು. ಆದರೆ ಅವತ್ತು ಅಷ್ಟು ತಣ್ಣಗೆ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕದಿಯದೆಯೇ ಹೆಗಲು ಮುಟ್ಟಿಕೊಂಡೆ.

ಗುಂಪಿನಲ್ಲಿ ಉದ್ದಕ್ಕೆ ಬರೆದೆ. ನಾನು ನನ್ನ ದುಡ್ಡು ಕೊಟ್ಟೇ ಬರುತ್ತಿದ್ದೇನೆ, ಇಗೋ ರಸೀದಿ. ಕಮಿಷನ್ ತೆಗೆದುಕೊಂಡಿಲ್ಲ, ಬೇಕಾದರೆ ಅಂಗಡಿಯವರನ್ನೇ ಕೇಳಿ. ಆ ಪುಕ್ಕಟೆ ಸೀಟಿನಲ್ಲಿ ಕುರುಗೋಡಿನ ನಮ್ಮ ಅಕ್ಕನನ್ನು ಕರೆತರುತ್ತಿದ್ದೇನೆ. ಗಂಡನಿಲ್ಲದ ಹೆಣ್ಣುಮಗಳು, ಅವಳ ಕೈಲಿ ಇಷ್ಟು ದುಡ್ಡು ಕೊಡಲು ಆಗುವುದಿಲ್ಲ. ಇದಕ್ಕೂ ತಕರಾರು ಇದ್ದವರು ಈಗಲೇ ಹೇಳಿಬಿಡಿ.

ಯಾರೂ ತಕರಾರು ಹೇಳಲಿಲ್ಲ. ಪಾಪ, ಬರಲಿ ಬಿಡಿ ಎಂದು ನಾಲ್ಕು ಮಂದಿ ಬರೆದರು. ಗೆದ್ದೆ ಅಂದುಕೊಂಡೆ. ವಾರದ ಹಿಂದೆಯೇ ನಾನು ಅಕ್ಕನನ್ನೂ ಆ ಗುಂಪಿಗೆ ಸೇರಿಸಿದ್ದೆ. ಎಲ್ಲರ ಕೆಳಗೆ, ಕಡೆಯಲ್ಲಿ, ಅವಳ ನಂಬರಿನಿಂದ ಎರಡು ಕೈ ಮುಗಿದ ಚಿತ್ರ ಬಂತು. ಅದನ್ನು ನೋಡಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅಕ್ಕ ಬಳ್ಳಾರಿಗೆ ಬಂದಾಗ ಅವಳ ಕೈಯಲ್ಲಿ ಬಟ್ಟೆಯ ಚೀಲ ಒಂದು, ಬುತ್ತಿಯ ಚೀಲ ಎರಡು. ಹನ್ನೊಂದು ಮಂದಿಗೆ ಎರಡು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬದನೆಕಾಯಿ ಎಣ್ಣೆಗಾಯಿ. ಯಾರೂ ಕೇಳಿರಲಿಲ್ಲ. ವ್ಯಾನಿನಲ್ಲಿ ಕಡೆಯ ಸಾಲಿಗೆ ಹೋಗಿ ಬ್ಯಾಗುಗಳ ನಡುವೆ ಕೂತಳು. ಮುಂದೆ ಬಾ ಎಂದು ನಾನು ಕರೆದರೆ, ಇಲ್ಲೇ ಗಾಳಿ ಚಲೋ ಬರುತ್ತದೆ ಅಂದಳು. ಕಿಟಕಿ ಇದ್ದದ್ದು ಮುಂದಿನ ಸಾಲಿಗೆ.

ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಬಡಿಸಿದವಳು ಅವಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ನೀರಿನ ಬಾಟಲಿಯನ್ನು ಹಿಂದಕ್ಕೆ ಚಾಚಿ, ತುಂಬಿಸಿಕೊಂಡು ಬರ್ರಿ ಅಂದಳು, ತಿರುಗಿ ಕೂಡ ನೋಡದೆ. ಅಕ್ಕ ಹೋಗಿ ತುಂಬಿಸಿಕೊಂಡು ಬಂದಳು. ಆಕೆ ಕೆಟ್ಟವಳಲ್ಲ. ಬೇರೆ ಯಾರಿಗೂ ಹಾಗೆ ಬಾಟಲಿ ಚಾಚುತ್ತಿರಲಿಲ್ಲ, ಅಷ್ಟೇ. ನನಗೆ ಒಳಗೊಳಗೇ ಕುದಿಯುತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಮತ್ತೆ ಜಗಳವಾದರೆ ಪ್ರವಾಸ ಕೆಡುತ್ತದೆ, ಅಕ್ಕ ಸಮುದ್ರ ನೋಡುವುದು ತಪ್ಪುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುದಿನ ದೋಣಿ ಹೊರಟಿತು. ದೂರದಲ್ಲಿ ಒಂದು ಬಂಡೆಯ ದ್ವೀಪ, ಅದರ ಮಗ್ಗುಲಲ್ಲಿ ಲಂಗರು. ಇಬ್ಬರು ತರಬೇತುದಾರರು, ಒಬ್ಬೊಬ್ಬರನ್ನೇ ಇಳಿಸುವುದು. ಮಧ್ಯಾಹ್ನ ಗಾಳಿ ಏಳುವ ಮೊದಲು ಎಲ್ಲ ಮುಗಿಯಬೇಕು. ಮ್ಯಾನೇಜರ್ ಪಟ್ಟಿ ಓದಿದ. ಅಕ್ಕನ ಹೆಸರು ಕೊನೆಗಿತ್ತು. ಅದರ ಮುಂದೆ ಒಂದು ನಕ್ಷತ್ರದ ಗುರುತು. ಅದೇನೆಂದು ನಾನು ಕೇಳಲಿಲ್ಲ, ಗೊತ್ತಿತ್ತು.

ಸಾಹುಕಾರರ ಸರದಿ ನಾಲ್ಕನೆಯದು. ನೀರಿಗೆ ಇಳಿದ ಕೂಡಲೇ ಬಾಯಲ್ಲಿದ್ದ ನಳಿಕೆ ಕಿತ್ತು ಎಸೆದು, ತರಬೇತುದಾರನ ಕುತ್ತಿಗೆಗೆ ಜೋತುಬಿದ್ದರು. ಮೇಲೆ ಎತ್ತಿ ಕೂರಿಸಿದರು. ನೀರು ಕುಡಿಸಿ, ಬೆನ್ನು ತಟ್ಟಿ, ಮತ್ತೆ ಇಳಿಸಿದರು. ಮತ್ತೆ ಕಿತ್ತರು. ಹೀಗೆ ನಾಲ್ಕು ಸಲ. ಆ ಹುಡುಗ ಮುಖದ ಮೇಲಿನ ನಗೆ ಕಳೆದುಕೊಳ್ಳದೆ, ಸರ್ ಏನೂ ಆಗಲ್ಲ, ಸರ್ ನಾನಿದೀನಿ ಎನ್ನುತ್ತ ಅರ್ಧ ಗಂಟೆಗೂ ಹೆಚ್ಚು ಅವರ ಜೊತೆಗಿದ್ದ. ಐದನೆಯ ಸಲಕ್ಕೆ ಸಾಹುಕಾರರು ಇಳಿದರು, ಮೀನು ನೋಡಿದರು, ಮೇಲೆ ಬಂದು ಫೋಟೊ ತೆಗೆಸಿಕೊಂಡರು. ನನಗೆ ಆಗ ಸಂತೋಷವೇ ಆಯಿತು. ಒಬ್ಬ ಮನುಷ್ಯ ಹೆದರಿಕೆ ಗೆದ್ದರೆ ಯಾರಿಗೆ ಸಂತೋಷವಾಗುವುದಿಲ್ಲ?

ಅಕ್ಕನ ಸರದಿ ಬರುವ ಹೊತ್ತಿಗೆ ಅಲೆ ಸಣ್ಣಗೆ ಕುದಿಯಲು ಶುರುವಾಗಿತ್ತು. ಅವಳು ಹೆದರಲಿಲ್ಲ. ನೀರಿಗೆ ಇಳಿದ ರೀತಿ ನೋಡಿಯೇ ತರಬೇತುದಾರ ಬೆರಗಾದ. ಆದರೆ ನಳಿಕೆ ಬಾಯಿಗಿಟ್ಟು ಮುಖ ಮುಳುಗಿಸಿದ ಕೂಡಲೇ ಅವಳು ದೊಡ್ಡದಾಗಿ ಗಾಳಿ ಎಳೆದುಕೊಂಡು ಉಸಿರು ಹಿಡಿದಳು. ಗುಳ್ಳೆ ಏಳಲಿಲ್ಲ. ಅವನು ಭುಜ ತಟ್ಟಿದ, ಸನ್ನೆ ಮಾಡಿದ. ಅವಳು ತಲೆಯಾಡಿಸಿ, ಮುಖ ಮುಳುಗಿಸಿ, ಮತ್ತೆ ಹಿಡಿದಳು. ನಲವತ್ತೈದು ವರ್ಷ ಮೈಗೆ ಹತ್ತಿದ್ದನ್ನು ನಲವತ್ತೈದು ಸೆಕೆಂಡಿನಲ್ಲಿ ಬಿಡು ಅಂದರೆ ಹೇಗೆ ಬಿಡುತ್ತಾಳೆ?

ಸಿಲಿಂಡರಿನ ಗಾಳಿಯ ಮುಂದೆ ಬಾವಿಯ ಪಾಠ ತಿರುಗಾಮುರುಗಾ. ಆಳದಲ್ಲಿ ಎಳೆದುಕೊಂಡ ಗಾಳಿಯನ್ನು ಎದೆಯಲ್ಲೇ ಹಿಡಿದುಕೊಂಡು ಮೇಲೆ ಬಂದರೆ ಅದು ಹಿಗ್ಗಿ ಶ್ವಾಸಕೋಶ ಹರಿಯಬಹುದು. ಅವಳನ್ನು ಆಳಕ್ಕೆ ಒಯ್ಯಲು ಅವನು ಒಪ್ಪದಿದ್ದದ್ದು ಸರಿ. ನಾನಾಗಿದ್ದರೂ ಒಪ್ಪುತ್ತಿರಲಿಲ್ಲ. ಆದರೆ ಅವನು ಕೊಟ್ಟದ್ದು ಮೂರೇ ಅವಕಾಶ, ಹೆಚ್ಚೆಂದರೆ ಏಳೆಂಟು ನಿಮಿಷ. ಆಮೇಲೆ, ಸಾಕು ಮೇಲೆ ನಡಿ ಎನ್ನುವ ಸನ್ನೆಗೆ ಹೆಬ್ಬೆರಳು ಮೇಲೆ ಮಾಡಿ ಅವಳನ್ನು ದೋಣಿಗೆ ಹತ್ತಿಸಿಬಿಟ್ಟ.

ಇನ್ನೊಂದು ಅರ್ಧ ಗಂಟೆ ಕೊಡಿ, ಅವಳು ಮಾಡುತ್ತಾಳೆ ಎಂದು ನಾನು ಮ್ಯಾನೇಜರನ ಮುಂದೆ ನಿಂತೆ. ಗಾಳಿ ಎದ್ದಿದೆ ಅಂದ. ಹಾಗಾದರೆ ನಾಳೆ ಬೆಳಿಗ್ಗೆ ಅಂದೆ.

“ನಾಳೆಗೆ ಪೂರ್ತಿ ಚಾರ್ಜ್ ಆಗ್ತದೆ ಮೇಡಂ. ಇದು ಕಾಂಪ್ಲಿಮೆಂಟರಿ ಅಲ್ವಾ, ಇದ್ರಲ್ಲಿ ಎರಡನೇ ಚಾನ್ಸ್ ಇರೋದಿಲ್ಲ.”

ನಾನು ಕಿರುಚಾಡಿದೆ. ಏನೇನಂದೆನೋ ಪೂರ್ತಿ ನೆನಪಿಲ್ಲ. ಆ ಸೀಟಿಗೆ ಹತ್ತು ಮಂದಿಯ ದುಡ್ಡು ಬಿದ್ದಿದೆ, ಅದು ನಿಮ್ಮಪ್ಪನ ಮನೆಯ ದಾನವಲ್ಲ ಎಂದದ್ದು ನೆನಪಿದೆ. ನಾಲ್ಕು ಸಲ ನಳಿಕೆ ಕಿತ್ತವರಿಗೆ ಇದ್ದ ತಾಳ್ಮೆ ಇವಳಿಗೆ ಯಾಕಿಲ್ಲ ಎಂದದ್ದೂ ನೆನಪಿದೆ. ದೋಣಿಯಲ್ಲಿ ಎಲ್ಲರೂ ತಮ್ಮ ತಮ್ಮ ಫೋಟೊ ನೋಡಿಕೊಳ್ಳುತ್ತಿದ್ದರು. ಕಡೆಗೆ ಸಾಹುಕಾರರು ಟವೆಲಿನಲ್ಲಿ ಕಿವಿ ಒರೆಸಿಕೊಳ್ಳುತ್ತ, ನನಗೆ ಸಮಾಧಾನವಾಗಲೆಂದೇ ಒಂದು ಮಾತು ಹೇಳಿದರು.

“ಹೋಗ್ಲಿ ಬಿಡ್ರಿ ಮೇಡಂ. ಅವ್ರದೇನು ರೊಕ್ಕ ಹೋಗಿಲ್ಲಲ್ಲ.”

ಅಕ್ಕ ಒದ್ದೆ ಕೂದಲು ಹಿಂಡುತ್ತ ಕೂತಿದ್ದಳು. ನಾಳೆ ನಾವಿಬ್ಬರೇ ಉಳಿಯೋಣ, ದುಡ್ಡು ನಾನು ಕೊಡುತ್ತೇನೆ ಅಂದೆ. ಬೇಡ ಎಂದು ತಲೆಯಾಡಿಸಿದಳು. ಬಳ್ಳಾರಿ ಬರುವವರೆಗೂ ಕಡೆಯ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಮಾಡುತ್ತಿರಲಿಲ್ಲ, ಅದು ನನಗೆ ಗೊತ್ತು.

ಒಂದು ತಿಂಗಳು ನಾನು ಎಲ್ಲರ ಮೇಲೂ ಉರಿದೆ. ಅಂಗಡಿಯವರ ಮೇಲೆ, ಸಾಹುಕಾರರ ಮೇಲೆ, ಬಾಟಲಿ ಚಾಚಿದವಳ ಮೇಲೆ. ಗುಂಪಿನಿಂದ ಹೊರಬಂದೆ. ಸಿಕ್ಕಸಿಕ್ಕವರ ಮುಂದೆ ಈ ಕಥೆ ಹೇಳಿ ಅವರ ಬಾಯಲ್ಲೂ ಅಯ್ಯೋ ಅನ್ನಿಸಿದೆ. ಹೀಗೆ ಹೇಳುತ್ತಿದ್ದಾಗಲೇ ಒಂದು ದಿನ, ಕೊಳಕ್ಕೆ ಬರುವ ಹೊಸಬಳೊಬ್ಬಳು ನನ್ನನ್ನು ಕೇಳಿದಳು, ಟೀಚರ್, ಆ ಮೂರು ಭಾನುವಾರ ನಿಮ್ಮ ಅಕ್ಕ ಯಾಕೆ ಬಂದಿರಲಿಲ್ಲ?

ನಾನು ಕರೆದಿರಲಿಲ್ಲ. ಕುರುಗೋಡಿನಿಂದ ಬಸ್ಸಿನಲ್ಲಿ ಬರಬೇಕು, ಗಿರಣಿ ಬಿಡಬೇಕು, ಕೊಳದ ಪ್ರವೇಶಕ್ಕೆ ಮತ್ತೊಂದು ಖರ್ಚು, ಬಾವಿಯಲ್ಲಿ ಬೆಳೆದವಳಿಗೆ ಕೊಳದ ಪಾಠ ಯಾಕೆ ಎಂದುಕೊಂಡಿದ್ದೆ. ಬಾವಿಯಲ್ಲಿ ಬೆಳೆದವಳಿಗೇ ಆ ಪಾಠ ಎಲ್ಲರಿಗಿಂತ ಹೆಚ್ಚು ಬೇಕಿತ್ತು. ಇಪ್ಪತ್ತು ವರ್ಷದಿಂದ ಉಸಿರು ಕಲಿಸುವ ನನಗೆ ಅದು ಗೊತ್ತಿರಬೇಕಿತ್ತು. ಗೊತ್ತಿತ್ತು. ದುಡ್ಡು ಕೊಟ್ಟ ಒಂಬತ್ತು ಮಂದಿಗೆ ಮೂರು ಭಾನುವಾರ ಕೊಟ್ಟೆ, ಅವಳಿಗೆ ಒಂದು ಗಂಟೆಯನ್ನೂ ಕೊಡಲಿಲ್ಲ. ಮ್ಯಾನೇಜರ್ ಅವಳ ಹೆಸರಿನ ಮುಂದೆ ನಕ್ಷತ್ರ ಹಾಕುವ ಮೊದಲೇ ನಾನು ಹಾಕಿಬಿಟ್ಟಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಮರುದಿನವೇ ಕುರುಗೋಡಿಗೆ ಹೋದೆ. ಅಕ್ಕ ಗಿರಣಿಯ ಬಾಯಿಗೆ ಜೋಳ ಸುರಿಯುತ್ತಿದ್ದಳು. ಕೊಳಕ್ಕೆ ಬಾ, ನಾನೇ ಕಲಿಸುತ್ತೇನೆ, ನನ್ನದು ತಪ್ಪಾಯಿತು ಎಂದು ಯಂತ್ರದ ಸದ್ದಿನ ಮೇಲೆ ಕೂಗಿ ಹೇಳಿದೆ. ಕ್ಷಮೆ ಕೇಳುವುದನ್ನು ಕೂಗಿ ಕೇಳುವುದು ಎಷ್ಟು ಅಸಹ್ಯ. ಅವಳು ಡಬ್ಬಿ ತುಂಬುವವರೆಗೆ ಕಾದು, ಗಿರಾಕಿಗೆ ಹಿಟ್ಟು ಕೊಟ್ಟು ಕಳಿಸಿ, ಸ್ವಿಚ್ ಆರಿಸಿದಳು.

“ನೀ ಕೇಳಿದ್ದರ ನಾ ರೊಕ್ಕ ಕೊಡ್ತಿದ್ನಲ್ಲ ಲೇ,” ಅಂದಳು. “ಎಲ್ಲಾರಂಗ ಕೊಟ್ಟು, ಎಲ್ಲಾರಂಗ ಬರ್ತಿದ್ದೆ. ನನ್ನ ಹತ್ರ ಇಲ್ಲ ಅಂತ ನಿನಗ ಹೇಳಿದವ್ರು ಯಾರು?”

ಯಾರೂ ಹೇಳಿರಲಿಲ್ಲ. ಎರಡು ಯಂತ್ರ ನಡೆಸುವವಳು, ಮಗಳ ಮದುವೆಯನ್ನು ಯಾರ ಮುಂದೆಯೂ ಕೈ ಚಾಚದೆ ಮಾಡಿದವಳು. ದುಡ್ಡಿನಲ್ಲಿ ನನಗಿಂತ ಅವಳೇ ಗಟ್ಟಿ. ಗಂಡನಿಲ್ಲ, ಮೈತುಂಬ ಹಿಟ್ಟು, ಆದ್ದರಿಂದ ಬಡವಿ ಎಂದು ನಾನೇ ಲೆಕ್ಕ ಹಾಕಿದ್ದೆ. ಆ ಲೆಕ್ಕವನ್ನು ಹತ್ತು ಮಂದಿಯ ಮುಂದೆ ಬರೆದೂ ಇದ್ದೆ, ನನ್ನ ಮೇಲೆ ಬಿದ್ದ ಕೊಳೆ ತೊಳೆದುಕೊಳ್ಳಲಿಕ್ಕೆ. ಅವಳು ಚಹಾ ಮಾಡಿಕೊಟ್ಟಳು. ಬೇರೆ ಮಾತಾಡಿದಳು. ಕೊಳಕ್ಕೆ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಅವಳು ಬರಲಿಲ್ಲ. ಮಳೆಗಾಲ ಕಳೆದು ಡೈವಿಂಗ್ ಮತ್ತೆ ಶುರುವಾಗುವ ಹೊತ್ತಿಗೆ ಆ ಮ್ಯಾನೇಜರನಿಂದ, ಈ ಸಲ ಇಪ್ಪತ್ತು ಮಂದಿ ತಂದರೆ ಎರಡು ಸೀಟು ಎಂದು ಸಂದೇಶ ಬಂತು. ಉತ್ತರ ಕೊಡಲಿಲ್ಲ. ಅದಾಗಿ ಕೆಲವು ವಾರಕ್ಕೆ ನನ್ನ ಫೋನು ದುಡ್ಡು ಬಂದಿದೆ ಎಂದು ತೋರಿಸಿತು. ದೊಡ್ಡ ಮೊತ್ತವೇನಲ್ಲ. ಕಳಿಸಿದ್ದು ಡೈವಿಂಗ್ ಅಂಗಡಿ. ತಪ್ಪಾಗಿ ಬಂದಿರಬೇಕೆಂದು, ಬೈಯುವುದಕ್ಕೂ ಒಂದು ನೆಪ ಸಿಕ್ಕಿತೆಂದು, ಫೋನು ಮಾಡಿದೆ.

ತಪ್ಪಲ್ಲ ಮೇಡಂ, ನಿಮ್ಮ ಕಮಿಷನ್ ಎಂದ ಮ್ಯಾನೇಜರ್. ನಿಮ್ಮ ಕಡೆಯ ಒಬ್ಬರು ಹೆಂಗಸರು ಮಗಳ ಜೊತೆ ಬಂದಿದ್ದರು. ಎರಡು ದಿನದ ಪೂರ್ತಿ ಪ್ಯಾಕೇಜಿಗೆ ದುಡ್ಡು ಕಟ್ಟಿದರು. ಮೊದಲನೆಯ ದಿನವೆಲ್ಲ ದಡದ ಹತ್ತಿರ ಬರೀ ಉಸಿರಾಟ, ಎರಡನೆಯ ದಿನ ಇಳಿದರು. ತುಂಬ ಚೆನ್ನಾಗಿ ಮಾಡಿದರು, ಮೇಲೆ ಬರುವುದಕ್ಕೇ ಒಪ್ಪಲಿಲ್ಲ. ಯಾರ ಮೂಲಕ ಬಂದಿರಿ ಎಂದು ಫಾರಂನಲ್ಲಿ ಕೇಳುತ್ತೇವಲ್ಲ, ಅಲ್ಲಿ ನಿಮ್ಮ ಹೆಸರು ಬರೆದಿದ್ದಾರೆ.

ನಾನು ಕುರುಗೋಡಿಗೆ ಫೋನು ಹಚ್ಚಿದೆ. ಒಂದು ಮಾತು ಹೇಳದೆ ಹೋಗಿಬಂದೆಯಲ್ಲ, ನಾನೂ ಬರುತ್ತಿದ್ದೆ ಅಂದೆ. ಅದು ಸಿಟ್ಟೋ ಅಳುವೋ ನನಗೇ ತಿಳಿಯಲಿಲ್ಲ. ತಳ ಕಂಡಿತಾ ಎಂದು ಕೇಳಿದೆ. ಕಂಡಿತು ಅಂದಳು. ಮತ್ತೆ ನನ್ನ ಹೆಸರು ಯಾಕೆ ಬರೆಸಿದೆ, ಈ ದುಡ್ಡು ನನಗೆ ಯಾಕೆ ಎಂದು ಕೇಳಿದೆ.

“ಬರೆದ್ರ ನಿನಗ ಏನರ ಬರ್ತೈತಿ ಅಂದ್ರು, ಬರೆದೆ. ಅವತ್ತಿನ ನನ್ನ ಸೀಟಿನ ರೊಕ್ಕ ಅದರಾಗ ಎಷ್ಟು ಮುರೀತೈತೋ ಮುರಕೋ. ಉಳಿದಿದ್ದು ಬಳ್ಳಾರಿಗೆ ಬಂದಾಗ ಕೊಡ್ತೀನಿ,” ಅಂದಳು ಅಕ್ಕ, ದನಿ ಏರಿಸದೆ. ಅಷ್ಟರಲ್ಲಿ ಯಾರೋ ಮೆಣಸಿನಕಾಯಿ ತಂದರೆಂದು ಫೋನು ಇಟ್ಟಳು.